ಈಜಿಪ್ಟ್ ಹನಿಮೂನ್ ಪ್ಯಾಕೇಜ್: ತುಮಕೂರಿನಲ್ಲಿ ಅಡ್ವಾನ್ಸ್ ಕಟ್ಟುವ ಮುಂಚೆ

ತುಮಕೂರಿನ ಟ್ರಾವೆಲ್ಸ್ ಆಫೀಸುಗಳಲ್ಲಿ ಸಿಗುವ ಏಳು ರಾತ್ರಿಯ ಈಜಿಪ್ಟ್ ಹನಿಮೂನ್ ಪ್ಯಾಕೇಜ್ ಯಾರ ಹತ್ತಿರ ತೆಗೆದುಕೊಂಡರೂ ಹೆಚ್ಚುಕಡಿಮೆ ಒಂದೇ. ಕೈರೋದಲ್ಲಿ ಎರಡು ರಾತ್ರಿ, ಅಸ್ವಾನ್‌ನಿಂದ ಲಕ್ಸರ್‌ವರೆಗೆ ನೈಲ್ ನದಿಯ ಹಡಗಿನಲ್ಲಿ ಮೂರು ರಾತ್ರಿ, ಮತ್ತೆ ಕೈರೋದಲ್ಲಿ ಎರಡು ರಾತ್ರಿ. ಲೆಟರ್‌ಹೆಡ್ ಬದಲಾದರೂ ಒಳಗಿನ ಪಟ್ಟಿ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ಕಾರು, ಗೈಡ್, ಹಡಗು ಎಲ್ಲವನ್ನೂ ನೋಡಿಕೊಳ್ಳುವುದು ಈಜಿಪ್ಟಿನ ಏಜೆನ್ಸಿಗಳೇ. ಹಾಗಾಗಿ ಇಲ್ಲಿ ತೂಗಿ ನೋಡಿರುವುದು ಯಾವುದೋ ಒಂದು ಆಫೀಸನ್ನಲ್ಲ, ಆ ಪಟ್ಟಿಯನ್ನು.

ತಾಣಗಳ ಆಯ್ಕೆಗೆ ಪೂರ್ತಿ ಅಂಕ ಕೊಡಬಹುದು. ದಿನಗಳ ಜೋಡಣೆಗೆ ಅರ್ಧಕ್ಕಿಂತ ಹೆಚ್ಚು ಕೊಡಲಾಗದು. ಇದು ಮೂಲತಃ ಗುಂಪು ಪ್ರವಾಸಕ್ಕೆ ಮಾಡಿದ ಪಟ್ಟಿ. ಹನಿಮೂನ್ ಎಂಬುದು ಹಾಸಿಗೆಯ ಮೇಲಿನ ಹೂವು ಮತ್ತು ಒಂದು ಕೇಕಿನಲ್ಲಿ ಮುಗಿದುಹೋಗಿದೆ. ಮದುವೆ, ಆರತಕ್ಷತೆ, ಬೀಗರೂಟ ಎಂದು ನಾಲ್ಕೈದು ದಿನ ನಿದ್ದೆಗೆಟ್ಟು ಹೊರಡುವ ಇಬ್ಬರಿಗೆ ಬೇಕಾದದ್ದು ಬಿಡುವು. ಪಟ್ಟಿ ಕೈಗೆ ಬಂದ ಕೂಡಲೇ ಕೊನೆಯ ಪುಟದ ದರ ನೋಡಬೇಡಿ. ಬೆಳಿಗ್ಗೆ ಆರಕ್ಕಿಂತ ಮುಂಚೆ ಏಳಬೇಕಾದ ದಿನಗಳು ಎಷ್ಟಿವೆ ಎಂದು ಎಣಿಸಿ.

ಮಾಮೂಲು ಪಟ್ಟಿಯಲ್ಲಿ ಸತತ ನಾಲ್ಕು ಸಿಗುತ್ತವೆ. ಮೂರನೇ ದಿನ ಅಸ್ವಾನ್ ವಿಮಾನಕ್ಕೆ ಕೈರೋ ಹೋಟೆಲಿನಿಂದ ರಾತ್ರಿ ಮೂರರ ಸುಮಾರಿಗೆ ಹೊರಡಬೇಕು. ನಾಲ್ಕನೇ ದಿನ ಅಬು ಸಿಂಬೆಲ್ ದೇವಾಲಯಗಳು: ಅಸ್ವಾನ್‌ನಿಂದ ಸುಮಾರು 280 ಕಿ.ಮೀ. ಮರುಭೂಮಿಯ ರಸ್ತೆ, ಹೋಗಲು ಮೂರೂವರೆ ಗಂಟೆ, ಬರಲು ಅಷ್ಟೇ, ಹೊರಡುವುದು ನಾಲ್ಕಕ್ಕೆ. ಐದನೇ ದಿನ ಎಡ್ಫು ದೇವಾಲಯಕ್ಕೆ ಬೆಳಕು ಹರಿಯುವ ಹೊತ್ತಿಗೆ ಹಡಗಿನಿಂದ ಇಳಿಸುತ್ತಾರೆ. ಆರನೇ ದಿನ ಲಕ್ಸರ್‌ನಲ್ಲಿ ಬಿಸಿಗಾಳಿ ಬಲೂನು, ಸೂರ್ಯೋದಯಕ್ಕೆ ಮುಂಚೆ; ಇಳಿದ ಕೂಡಲೇ ಪ್ರಾಚೀನ ದೊರೆಗಳ ಸಮಾಧಿಗಳಿರುವ ರಾಜರ ಕಣಿವೆ. ಇದಕ್ಕೆ ಹೊರಡುವ ರಾತ್ರಿಯನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನಿಂದ ಕೈರೋಗೆ ನೇರ ವಿಮಾನವಿಲ್ಲ, ದುಬೈ ಅಥವಾ ದೋಹಾದಂಥ ಕಡೆ ಬದಲಾಯಿಸಬೇಕು. ಆ ವಿಮಾನಗಳಲ್ಲಿ ಹಲವು ನಸುಕಿಗೆ ಹೊರಡುತ್ತವೆ. ತುಮಕೂರಿನ ಮನೆಯಿಂದ ರಾತ್ರಿ ಹನ್ನೊಂದರೊಳಗೆ ಕಾರು ಹೊರಟಿರಬೇಕು. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ಬೆಂಗಳೂರು ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಪ್ಯಾಕೇಜ್ ಶುರುವಾಗುವುದು ವಿಮಾನ ನಿಲ್ದಾಣದಿಂದ. ಈ ಕಾರಿನ ಬಾಡಿಗೆ ಅದರಲ್ಲಿ ಸೇರಿರುವುದಿಲ್ಲ.

ಅದೇ ಏಳು ರಾತ್ರಿಯನ್ನು ಬೇರೆ ರೀತಿ ಹಂಚಿದರೆ ಪ್ರವಾಸವೇ ಬದಲಾಗುತ್ತದೆ: ಕೈರೋ ಎರಡು, ಅಸ್ವಾನ್ ಹೋಟೆಲ್ ಒಂದು, ಹಡಗು ಮೂರು, ಲಕ್ಸರ್ ಹೋಟೆಲ್ ಒಂದು. ಇದಕ್ಕಾಗಿ ಬಿಡಬೇಕಾದದ್ದು ಮಾಮೂಲು ಪಟ್ಟಿಯಲ್ಲಿರುವ ಅಲೆಕ್ಸಾಂಡ್ರಿಯಾ ನಗರ. ಕೈರೋದಿಂದ ಸುಮಾರು 220 ಕಿ.ಮೀ., ಹೋಗಿಬರಲು ಆರು ಗಂಟೆ ಕಾರಿನಲ್ಲಿ ಕೂರಬೇಕು. ಊರು ಚೆನ್ನಾಗಿಯೇ ಇದೆ, ಆದರೆ ಈ ಪ್ರವಾಸದಲ್ಲಿ ಅದಕ್ಕೆ ಜಾಗವಿಲ್ಲ. ಈಗ ಅಸ್ವಾನ್‌ಗೆ ಮಧ್ಯಾಹ್ನದ ವಿಮಾನ ಹಿಡಿದರೆ ಸಾಕು. ಅಬು ಸಿಂಬೆಲ್‌ಗೆ ಹಡಗು ಹತ್ತುವ ದಿನವೇ ಹೋಗಿಬರಬಹುದು; ಮೂರು ರಾತ್ರಿಯ ಹಡಗು ಮೊದಲ ರಾತ್ರಿ ಅಸ್ವಾನ್ ಕಟ್ಟೆಯಲ್ಲೇ ನಿಂತಿರುತ್ತದೆ. ಮಾಮೂಲು ಪಟ್ಟಿಯಲ್ಲಿ ಹಡಗಿನ ಎರಡನೇ ದಿನ ಅಬು ಸಿಂಬೆಲ್ ಇಟ್ಟು ಅದೇ ಮಧ್ಯಾಹ್ನ ಹಡಗು ಹೊರಡುತ್ತದೆ, ದಾರಿಯಲ್ಲಿ ಟೈರ್ ಪಂಕ್ಚರ್ ಆದರೂ ಎದೆ ಹೊಡೆದುಕೊಳ್ಳುವ ಪರಿಸ್ಥಿತಿ. ಹೊಸ ಜೋಡಣೆಯಲ್ಲಿ ಒಂದೇ ಎಚ್ಚರಿಕೆ: ಕೊನೆಯ ದಿನ ಲಕ್ಸರ್–ಕೈರೋ ವಿಮಾನಕ್ಕೂ ಮನೆಗೆ ಬರುವ ವಿಮಾನಕ್ಕೂ ಕನಿಷ್ಠ ಆರು ಗಂಟೆ ಅಂತರವಿರಲಿ. ಎರಡೂ ಬೇರೆ ಬೇರೆ ಟಿಕೆಟ್ ಆಗಿದ್ದರೆ ಮೊದಲನೆಯದು ತಡವಾದರೂ ಎರಡನೆಯದು ನಿಮಗಾಗಿ ಕಾಯುವುದಿಲ್ಲ.

ಅಬು ಸಿಂಬೆಲ್ ಅನ್ನು ಬಹಳ ಪಟ್ಟಿಗಳು 'ಐಚ್ಛಿಕ' ಎಂದು ಹಾಕಿ ಬೇರೆ ದುಡ್ಡು ಕೇಳುತ್ತವೆ. ಕೊಡಿ, ಖಂಡಿತ ಬಿಡಬೇಡಿ. ಅಸ್ವಾನ್ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಬೇಕಿದ್ದ ಈ ದೇವಾಲಯಗಳನ್ನು 1964ರಿಂದ 1968ರವರೆಗೆ ಯುನೆಸ್ಕೋ ನೇತೃತ್ವದಲ್ಲಿ ತುಂಡು ತುಂಡಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಎಲ್ಲರೂ ದೊಡ್ಡ ಗುಡಿಯ ನಾಲ್ಕು ವಿಗ್ರಹಗಳ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ಸಾಗುತ್ತಾರೆ. ಪಕ್ಕದ ಚಿಕ್ಕ ಗುಡಿ ರಾಣಿ ನೆಫರ್ತಾರಿಯದು. ಇವನ್ನು ಕಟ್ಟಿಸಿದ ಎರಡನೇ ರಾಮ್ಸೆಸ್ ದೊರೆ ಅದರ ಮುಂಭಾಗದಲ್ಲಿ ಹೆಂಡತಿಯ ವಿಗ್ರಹವನ್ನು ತನ್ನಷ್ಟೇ ಎತ್ತರಕ್ಕೆ ಕೆತ್ತಿಸಿದ. ಈಜಿಪ್ಟಿನ ಶಿಲ್ಪದಲ್ಲಿ ರಾಣಿ ಸಾಮಾನ್ಯವಾಗಿ ದೊರೆಯ ಮೊಣಕಾಲೆತ್ತರಕ್ಕೆ ನಿಂತಿರುತ್ತಾಳೆ. ಮದುವೆಯಾದ ಹೊಸದರಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಕಲ್ಲು ಇಲ್ಲ.

ಹಡಗಿನ ಕೋಣೆಯ ವಿಷಯದಲ್ಲಿ 'ಫೈವ್ ಸ್ಟಾರ್ ಡೀಲಕ್ಸ್' ಎಂಬ ಮಾತಿಗೆ ಬೆಲೆಯಿಲ್ಲ. ಹಡಗಿನ ಹೆಸರು, ಎಷ್ಟನೇ ಡೆಕ್, ಡಬಲ್ ಬೆಡ್ಡೋ ಎರಡು ಒಂಟಿ ಮಂಚವೋ, ಇವು ವೋಚರಿನಲ್ಲಿ ಬರಹದಲ್ಲಿರಬೇಕು. ಕೆಳಗಿನ ಡೆಕ್ಕಿನ ಕಿಟಕಿ ನೀರಿನ ಮಟ್ಟಕ್ಕಿರುತ್ತದೆ, ಹಿಂಭಾಗದ ಕೋಣೆಗಳಿಗೆ ಎಂಜಿನ್ ಸದ್ದು. ಮೇಲಿನ ಡೆಕ್ಕಿನ ಮುಂಭಾಗ ಅಥವಾ ಮಧ್ಯಭಾಗ ಕೇಳಿ. ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದೇ ಇಲ್ಲ. ಅಸ್ವಾನ್, ಲಕ್ಸರ್ ಕಟ್ಟೆಗಳಲ್ಲಿ ಹಡಗುಗಳನ್ನು ಒಂದಕ್ಕೊಂದು ಅಂಟಿಸಿ ಮೂರು ನಾಲ್ಕು ಸಾಲಾಗಿ ಕಟ್ಟುತ್ತಾರೆ. ದಡಕ್ಕೆ ಇಳಿಯಲು ಬೇರೆ ಹಡಗುಗಳ ಲಾಬಿ ದಾಟಿಕೊಂಡು ಹೋಗಬೇಕು, ನಿಮ್ಮ ಕಿಟಕಿ ತೆರೆದರೆ ಎದುರಿಗೆ ಇನ್ನೊಬ್ಬರ ಕಿಟಕಿ. ಇದು ಯಾವ ದರದ ಹಡಗಿನಲ್ಲೂ ಆಗುತ್ತದೆ. ಪರದೆ ಎಳೆದುಕೊಳ್ಳಿ, ನದಿಯನ್ನು ಮೇಲಿನ ತೆರೆದ ಡೆಕ್ಕಿನಲ್ಲಿ ಕೂತು ನೋಡಿ. ಹಗಲಿನಲ್ಲಿ ಹಡಗು ನಿಜವಾಗಿ ಸಾಗುವುದು ಎರಡು ಮಧ್ಯಾಹ್ನ ಮಾತ್ರ: ಅಸ್ವಾನ್‌ನಿಂದ ಕೊಮ್ ಒಂಬೊಗೆ, ಎಡ್ಫುವಿನಿಂದ ಎಸ್ನಾ ಕಡೆಗೆ. ಆ ಎರಡು ಹೊತ್ತಿನಲ್ಲಿ ಗೈಡ್ ಯಾವ ಅಂಗಡಿಗೆ ಕರೆದರೂ, ಯಾವ ಕಾರ್ಯಕ್ರಮಕ್ಕೆ ಕರೆದರೂ ಬೇಡವೆನ್ನಿ. ದಡದ ಖರ್ಜೂರದ ತೋಪು, ಕಬ್ಬಿನ ಗದ್ದೆ, ಅದರಾಚೆಗೆ ತಟಕ್ಕನೆ ಶುರುವಾಗುವ ಮರಳು: ಈ ಪ್ಯಾಕೇಜಿನ ಅತ್ಯುತ್ತಮ ಭಾಗ ಅದೇ. ಎಡ್ಫುವಿನಲ್ಲಿ ದೇವಾಲಯಕ್ಕೆ ಕುದುರೆ ಗಾಡಿ ಬರುತ್ತದೆ. ಕುದುರೆಗಳ ಸ್ಥಿತಿ ಹಲವು ಸಲ ನೋಡುವ ಹಾಗಿರುವುದಿಲ್ಲ. ವ್ಯಾನ್ ಬೇಕೆಂದು ಮೊದಲೇ ಹೇಳಿದರೆ ಸಿಗುತ್ತದೆ.

ಪಟ್ಟಿಯಲ್ಲಿ ಬರೀ 'ಮ್ಯೂಸಿಯಂ ಭೇಟಿ' ಎಂದಿದ್ದರೆ ಯಾವುದೆಂದು ಕೇಳಿ. ಕೈರೋದ ತಹ್ರೀರ್ ಚೌಕದ ಹಳೆಯದು 1902ರದು. ಗೀಜಾದ ಪಿರಮಿಡ್ಡುಗಳ ಹತ್ತಿರದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರ್‌ನಲ್ಲಿ ಪೂರ್ಣವಾಗಿ ತೆರೆಯಿತು. ದೊರೆ ತೂತನ್‌ಖಾಮನ್‌ನ ಸಮಾಧಿಯ 5,000ಕ್ಕೂ ಹೆಚ್ಚು ವಸ್ತುಗಳು ಈಗ ಅಲ್ಲಿವೆ. ರಾಜರಾಣಿಯರ 22 ಮಮ್ಮಿಗಳು 2021ರ ಏಪ್ರಿಲ್‌ನಲ್ಲಿ ಕೈರೋದ್ದೇ ಫುಸ್ತಾತ್ ಭಾಗದ ಮೂರನೇ ಮ್ಯೂಸಿಯಮ್ಮಿಗೆ ಹೋದವು. ಹಳೆಯ ಪಟ್ಟಿಯನ್ನೇ ನಕಲು ಮಾಡಿದ ಪ್ಯಾಕೇಜ್ ತಹ್ರೀರ್‌ಗೆ ಮಾತ್ರ ಕರೆದೊಯ್ದು ಬಿಡುತ್ತದೆ. ಗ್ರ್ಯಾಂಡ್ ಮ್ಯೂಸಿಯಮ್ಮಿಗೆ ಹೊತ್ತು ನಮೂದಿಸಿದ ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆಸಿ, ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ. ಅದೇ ದಿನ ಪಪೈರಸ್ ಅಂಗಡಿ, ಸುಗಂಧ ತೈಲದ ಅಂಗಡಿ ಇದ್ದರೆ ಎರಡನ್ನೂ ಹೊಡೆದುಹಾಕಿಸಿ.

'ಎಲ್ಲಾ ಪ್ರವೇಶ ಶುಲ್ಕ ಸೇರಿದೆ' ಎಂದರೂ ಎಲ್ಲವೂ ಸೇರಿರುವುದಿಲ್ಲ. ಖುಫು ಪಿರಮಿಡ್ಡಿನ ಒಳಗೆ ಹೋಗಲು ಬೇರೆ ಟಿಕೆಟ್. ಮಧುಗಿರಿ ಬೆಟ್ಟ ಹತ್ತಿದ ಕಾಲುಗಳಿಗೆ ಆ ಏರು ದೊಡ್ಡದಲ್ಲ, ಆದರೆ ಸುಮಾರು 1.2 ಮೀಟರ್ ಎತ್ತರದ ಸುರಂಗದಲ್ಲಿ ನಡು ಬಗ್ಗಿಸಿಯೇ ಹತ್ತಬೇಕು, ಒಳಗೆ ಸೆಕೆ. ಬೆನ್ನುನೋವು, ಉಬ್ಬಸ ಇದ್ದವರು ಹೊರಗೇ ಇರುವುದು ಒಳ್ಳೆಯದು. ರಾಜರ ಕಣಿವೆಯ ಸಾಮಾನ್ಯ ಟಿಕೆಟ್ಟಿನಲ್ಲಿ ಮೂರು ಸಮಾಧಿ ನೋಡಬಹುದು. ತೂತನ್‌ಖಾಮನ್, ಒಂದನೇ ಸೇತಿ, ಆರನೇ ರಾಮ್ಸೆಸ್ ಸಮಾಧಿಗಳಿಗೆ ಪ್ರತ್ಯೇಕ ಹಣ. ಒಂದಕ್ಕೆ ಮಾತ್ರ ಕೊಡುವುದಾದರೆ ಆರನೇ ರಾಮ್ಸೆಸ್‌ಗೆ ಕೊಡಿ. ಚಾವಣಿಯ ಉದ್ದಕ್ಕೂ ಆಕಾಶದೇವತೆ ನೂತ್‌ಳ ಚಿತ್ರವಿದೆ. ತೂತನ್‌ಖಾಮನ್‌ನದು ಚಿಕ್ಕ ಕೋಣೆ, ಮಮ್ಮಿ ಬಿಟ್ಟರೆ ನಿಧಿಯೆಲ್ಲ ಕೈರೋ ಸೇರಿದೆ. ಲಕ್ಸರ್‌ನ ಕರ್ನಾಕ್ ದೇವಾಲಯಕ್ಕೆ ಒಂದು ಗಂಟೆ ಎಂದಿದ್ದರೆ ಎರಡು ಮಾಡಿಸಿ. ಅರಳಗುಪ್ಪೆಯ ಚೆನ್ನಕೇಶವ ಗುಡಿಯಲ್ಲಿ ನಿಂತು ಕೆತ್ತನೆ ಓದುವ ಅಭ್ಯಾಸವಿದ್ದವರಿಗೆ ಅಲ್ಲಿನ 134 ಕಂಬಗಳ ಮಂಟಪವೊಂದಕ್ಕೇ ಅಷ್ಟು ಹೊತ್ತು ಬೇಕು. ಇಳಿಬಿಸಿಲಿನಲ್ಲಿ ಹೋದರೆ ಕೆತ್ತನೆಗಳ ನೆರಳು ಎದ್ದು ಕಾಣುತ್ತದೆ.

ದೊಡ್ಡ ತಾಣಗಳ ಕೌಂಟರಿನಲ್ಲಿ ನಗದು ನಡೆಯುವುದಿಲ್ಲ, ವೀಸಾ ಅಥವಾ ಮಾಸ್ಟರ್ ಕಾರ್ಡ್ ಬೇಕು. ರುಪೇ ಕಾರ್ಡನ್ನು ನಂಬಿಕೊಳ್ಳಬೇಡಿ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿನಿಂದಲೇ ಬಂದ್ ಆಗಿರುತ್ತದೆ, ಹೊರಡುವ ಮುಂಚೆ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಿ. ಬಕ್ಷೀಸು ಎಂಬ ಮಾತು ಅಲ್ಲಿಯೂ ಅದೇ. ಚಿಲ್ಲರೆ ನೋಟು ಜೇಬಿನಲ್ಲಿರಲಿ, ಹಡಗಿನ ಸಿಬ್ಬಂದಿಗೆ ಕೊಡುವ ಮೊತ್ತ ಪ್ಯಾಕೇಜಿನಲ್ಲಿದೆಯೇ ಎಂದು ಮೊದಲೇ ಕೇಳಿ. ಊರಿನಲ್ಲಿ ಹೇಳುವ ದರಕ್ಕೆ ಜಿಎಸ್‌ಟಿ, ಟಿಸಿಎಸ್ (ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಸೇರಿದೆಯೇ ಎಂಬುದೂ ಮುಖ್ಯ. ಟಿಸಿಎಸ್ ಯಾರ ಪ್ಯಾನ್ ಮೇಲೆ ವಸೂಲಾಗುತ್ತದೋ ಅವರು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹಾಗಾಗಿ ಮಾವ ಹಣ ಕಟ್ಟುವುದಾದರೆ ಯಾರ ಪ್ಯಾನ್ ಎಂದು ಮೊದಲೇ ತೀರ್ಮಾನಿಸಿ.

ಮದುಮಗಳ ಪಾಸ್‌ಪೋರ್ಟ್ ತವರಿನ ಹೆಸರಿನಲ್ಲಿದ್ದರೆ ಹಾಗೆಯೇ ಇರಲಿ. ವೀಸಾ, ಟಿಕೆಟ್ ಎರಡೂ ಆ ಹೆಸರಿನಲ್ಲೇ ಆಗಬೇಕು. ಲಗ್ನಪತ್ರಿಕೆಯಲ್ಲಿರುವ ಹೊಸ ಹೆಸರನ್ನು ಟಿಕೆಟ್ಟಿಗೆ ಬರೆಸಿದರೆ ವಿಮಾನ ಹತ್ತಲು ಬಿಡುವುದಿಲ್ಲ. ಪಾಸ್‌ಪೋರ್ಟಿಗೆ ಪ್ರಯಾಣದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಲಿ. ರೀಲ್ಸ್‌ಗೆಂದು ಡ್ರೋನ್ ಒಯ್ಯಬೇಡಿ, ಅನುಮತಿಯಿಲ್ಲದೆ ಅದು ನಿಷಿದ್ಧ. ಟ್ರಾಮಡಾಲ್ ಇರುವ ನೋವಿನ ಮಾತ್ರೆಯೂ ಅಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿದೆ, ಸೂಟ್‌ಕೇಸಿಗೆ ಹಾಕಬೇಡಿ.

ಊಟ ಸಸ್ಯಾಹಾರಿಗಳಿಗೂ ಕಷ್ಟವಿಲ್ಲ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆಕಾಳು, ಹುರಿದ ಈರುಳ್ಳಿ ಸೇರಿದ ಕೊಶರಿ, ಕಾಳು ರುಬ್ಬಿ ಕರಿದ ತಾಮೆಯಾ ಎಲ್ಲ ಕಡೆ ಸಿಗುತ್ತವೆ. ಬೇಳೆ ಸೂಪ್, ಮೊಲೊಖಿಯಾ ಸೊಪ್ಪಿನ ಸಾರುಗಳಲ್ಲಿ ಕೋಳಿಯ ರಸ ಇರುತ್ತದೆ, ಕೇಳಿಯೇ ಬಡಿಸಿಕೊಳ್ಳಿ. ಹನಿಮೂನ್ ಕೇಕ್ ಮೊಟ್ಟೆಯಿಲ್ಲದ್ದು ಬೇಕಿದ್ದರೆ ವೋಚರಿನಲ್ಲಿ ಬರೆಸಿ. ಚಟ್ನಿಪುಡಿ, ನಿಪ್ಪಟ್ಟು ಒಯ್ಯಿರಿ. ಅಬು ಸಿಂಬೆಲ್ ದಿನ ಹೋಟೆಲು ಕಟ್ಟಿಕೊಡುವ ತಿಂಡಿ ಪೊಟ್ಟಣದಲ್ಲಿ ಒಣ ಬ್ರೆಡ್ಡೇ ಹೆಚ್ಚು.

ತಿಂಗಳು ಆರಿಸುವಾಗ ನಮ್ಮ ಪಂಚಾಂಗಕ್ಕೂ ಅಲ್ಲಿನ ಹವೆಗೂ ಸದಾ ಹೊಂದುವುದಿಲ್ಲ. ವೈಶಾಖದ ಮುಹೂರ್ತಕ್ಕೆ ಈಜಿಪ್ಟ್ ಬೇಡ. ಮೇ ತಿಂಗಳಲ್ಲಿ ಅಸ್ವಾನ್, ಲಕ್ಸರ್ 40 ಡಿಗ್ರಿ ಮುಟ್ಟುತ್ತವೆ, ಕಣಿವೆಯಲ್ಲಿ ನೆರಳೇ ಇಲ್ಲ. ಕಾರ್ತಿಕ, ಮಾರ್ಗಶಿರದ ಮದುವೆಗಳಿಗೆ ಇದು ಹೇಳಿಮಾಡಿಸಿದ ಹೊತ್ತು. ಕ್ರಿಸ್‌ಮಸ್ ವಾರಕ್ಕೆ ದರ ಏರುವ ಮುಂಚೆ ಹೋಗಿಬನ್ನಿ, ರಾತ್ರಿ ಚಳಿಗೆ ಸ್ವೆಟರ್ ಇರಲಿ. 2027ರಲ್ಲಿ ಮಾಘ ಮಾಸವೂ ರಂಜಾನ್ ತಿಂಗಳೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ, ಫೆಬ್ರವರಿ ಎರಡನೇ ವಾರದಿಂದ ನಡೆಯುತ್ತವೆ. ಆಗ ತಾಣಗಳು ಬೇಗ ಮುಚ್ಚುತ್ತವೆ, ಹಗಲಿನಲ್ಲಿ ಹಲವು ಚಿಕ್ಕ ಹೋಟೆಲುಗಳು ತೆರೆಯುವುದಿಲ್ಲ. ಮೂರು ರಾತ್ರಿಯ ಹಡಗುಗಳು ಅಸ್ವಾನ್‌ನಿಂದ ಸಾಮಾನ್ಯವಾಗಿ ಬುಧವಾರ, ಶುಕ್ರವಾರ ಹೊರಡುತ್ತವೆ. ಬೀಗರೂಟದ ದಿನ ಗೊತ್ತಾದ ಮೇಲೆ ಮೊದಲು ಹಡಗು ಹೊರಡುವ ದಿನ ಹಿಡಿಯಿರಿ, ಬೆಂಗಳೂರಿನ ಟಿಕೆಟನ್ನು ಅದರಿಂದ ಹಿಂದಕ್ಕೆ ಎಣಿಸಿ ತೆಗೆಸಿ. ಟಿಕೆಟ್ ಮೊದಲು ತೆಗೆಸಿದವರಿಗೆ ಕೈರೋದಲ್ಲಿ ಬೇಡದ ಒಂದೆರಡು ರಾತ್ರಿ ಕೊಳ್ಳಬೇಕಾಗುತ್ತದೆ.