ಟೆಂಟ್ ಹಾಕೋರಿಗೆ ಸೋಲಾರ್ ಚಾರ್ಜರ್: ಯಾವುದು ತಗೋಬೇಕು, ಯಾರಿಗೆ ಬೇಡವೇ ಬೇಡ

ನನ್ನ ಸೆಟಪ್ ಏನು ಅಂತ ಮೊದಲೇ ಹೇಳ್ಬಿಡ್ತೀನಿ. 28 ವ್ಯಾಟ್‌ನ ಮಡಚೋ ಪ್ಯಾನೆಲ್, 20,000 ಎಂಎಎಚ್ ಪವರ್ ಬ್ಯಾಂಕ್, ಎರಡು ಗಟ್ಟಿ ಕೇಬಲ್ಲು, ಕೇಬಲ್ ಮಧ್ಯೆ ಸಿಕ್ಕಿಸಿದ್ರೆ ಎಷ್ಟು ಕರೆಂಟ್ ಹೋಗ್ತಿದೆ ಅಂತ ತೋರಿಸೋ ಒಂದು ಪುಟ್ಟ ಯುಎಸ್‌ಬಿ ಮೀಟರ್. ಸಾಗರದ ಹತ್ರ ಶರಾವತಿ ಹಿನ್ನೀರಿನ ದಡದಲ್ಲಿ ಕರೆಂಟಿಲ್ಲದೆ ಮೂರ್ನಾಲ್ಕು ದಿನ ಕೂರೋಕೆ ಇಬ್ಬರಿಗೆ ಇಷ್ಟು ಧಾರಾಳ ಆಗುತ್ತೆ, ತುಂಬಾ ಇಷ್ಟಪಟ್ಟು ಬಳಸ್ತಿದೀನಿ. ಆದ್ರೆ ಶನಿವಾರ ಹೋಗಿ ಭಾನುವಾರ ವಾಪಸ್ ಬರೋರಿಗೆ ಪ್ಯಾನೆಲ್ ಬೇಡವೇ ಬೇಡ, ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳ್ತೀನಿ.

ಯಾಕೆ ಅಂದ್ರೆ ಲೆಕ್ಕ ನೋಡಿ. ಪವರ್ ಬ್ಯಾಂಕ್ ಡಬ್ಬದ ಮೇಲೆ 20,000 ಅಂತ ಹಾಕಿರೋದು ಒಳಗಿರೋ ಸೆಲ್‌ನ 3.7 ವೋಲ್ಟ್ ಲೆಕ್ಕಕ್ಕೆ, ಅಂದ್ರೆ ಒಟ್ಟು 74 ವ್ಯಾಟ್ ಅವರ್ (ಒಂದು ವ್ಯಾಟ್ ಲೆಕ್ಕದಲ್ಲಿ ಕೊಟ್ರೆ 74 ಗಂಟೆ ಬರೋವಷ್ಟು). ಅದನ್ನ 5 ವೋಲ್ಟ್‌ಗೆ ಏರಿಸಿ ಫೋನಿಗೆ ಕೊಡೋವಾಗ ಒಂದಷ್ಟು ಬಿಸಿಯಾಗಿ ಸೋರಿಹೋಗುತ್ತೆ, ಹೋಗಿ ಉಳಿದಿದ್ರಲ್ಲಿ 5,000 ಎಂಎಎಚ್ ಫೋನನ್ನ ಎರಡೂವರೆ ಮೂರು ಸಲ ಫುಲ್ ಮಾಡಬಹುದು. ಒಂದು ರಾತ್ರಿಗೆ ಇನ್ನೆಷ್ಟು ಬೇಕು ಹೇಳಿ? ಎರಡು ರಾತ್ರಿ ಅಂದ್ರೂ ಇನ್ನೊಂದು ಪವರ್ ಬ್ಯಾಂಕ್ ಹಾಕ್ಕೊಳ್ಳಿ, ಅದು ನಾನೂರು ಗ್ರಾಂ ಆಸುಪಾಸು ಬರುತ್ತೆ, ಪ್ಯಾನೆಲ್ ಆರೇಳು ನೂರು ಗ್ರಾಂ ಇದೆ. ಮೋಡ ಇದ್ರೂ ಮಳೆ ಇದ್ರೂ ಪವರ್ ಬ್ಯಾಂಕ್ ಕೈ ಕೊಡಲ್ಲ. ಹಿನ್ನೀರಿನ ಕಡೆ ಸಿಗ್ನಲ್ ವೀಕ್, ಫೋನ್ ಟವರ್ ಹುಡುಕ್ತಾ ಹುಡುಕ್ತಾ ಚಾರ್ಜ್ ಖಾಲಿ ಮಾಡುತ್ತೆ, ಏರೋಪ್ಲೇನ್ ಮೋಡ್‌ಗೆ ಹಾಕಿದ್ರೆ ಅದೂ ಉಳಿಯುತ್ತೆ.

ಇನ್ನು ಪವರ್ ಬ್ಯಾಂಕ್ ಮೇಲೇ ಅಂಗೈಯಗಲ ಸೋಲಾರ್ ಅಂಟಿಸಿ ಮಾರ್ತಾರಲ್ಲ, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಅಷ್ಟಗಲದಲ್ಲಿ ಸಿಗೋದು ಒಂದು ಒಂದೂವರೆ ವ್ಯಾಟ್, 74 ವ್ಯಾಟ್ ಅವರ್ ತುಂಬೋಕೆ ಸುಡು ಬಿಸಿಲೇ ಐವತ್ತು ಗಂಟೆ ಮೇಲೆ ಬೇಕು, ಅಂದ್ರೆ ಹತ್ತು ದಿನದ ಮಾತು. ಅದಕ್ಕಿಂತ ನಂಗೆ ಬೇಜಾರಾಗೋದು, ಲಿಥಿಯಂ ಬ್ಯಾಟರಿನ 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು, ಇಲ್ಲಿ ನೋಡಿದ್ರೆ ಚಾರ್ಜ್ ಆಗ್ಬೇಕು ಅಂದ್ರೆ ಬ್ಯಾಟರಿನೇ ಬಿಸಿಲಲ್ಲಿ ಒಣಗಿಸ್ಬೇಕು. ಪ್ಯಾನೆಲ್ ಬಿಸಿಲಲ್ಲಿ, ಬ್ಯಾಟರಿ ನೆರಳಲ್ಲಿ, ಹೀಗೇ ಇರ್ಬೇಕು. ನಾನಂತೂ ಪವರ್ ಬ್ಯಾಂಕ್‌ನ ಪ್ಯಾನೆಲ್ ಹಿಂದಿನ ಜೇಬಲ್ಲೂ ಇಡಲ್ಲ, ಅಲ್ಲೂ ಕಾಯುತ್ತೆ, ಉದ್ದ ಕೇಬಲ್ ಎಳೆದು ಬ್ಯಾಗಿನ ನೆರಳಿಗೆ ಇಡ್ತೀನಿ.

ಮಡಚೋ ಪ್ಯಾನೆಲ್ ತಗೊಳ್ಳೋವಾಗ ಎಲ್ಲರೂ ವ್ಯಾಟ್ ನೋಡ್ತಾರೆ, ಪೋರ್ಟ್ ನೋಡಲ್ಲ. ಮುಖ್ಯವಾದ ವಿಷಯ ಇರೋದೇ ಅಲ್ಲಿ. 28 ವ್ಯಾಟ್ ಅನ್ನೋದು ಲ್ಯಾಬಿನ ಲೆಕ್ಕ, ಪ್ಯಾನೆಲ್‌ನ ಸೋಲಾರ್ ಸೆಲ್ 25 ಡಿಗ್ರಿ ತಂಪಾಗಿದ್ದಾಗ ಅಳೆದಿದ್ದು, ನಮ್ಮ ಬಿಸಿಲಲ್ಲಿ ಆ ಕಪ್ಪು ಸೆಲ್ಲು ಮುಟ್ಟೋಕಾಗದಷ್ಟು ಕಾಯುತ್ತೆ, ಒಂದೊಂದು ಡಿಗ್ರಿ ಏರಿದ ಹಾಗೂ ಶೇಕಡಾ 0.4ರ ಹತ್ರ ಶಕ್ತಿ ಇಳಿಯುತ್ತೆ. ಫೆಬ್ರವರಿ ಮಧ್ಯಾಹ್ನ ಎರಡು ಪೋರ್ಟೂ ಸೇರಿ ನಂಗೆ ಸಿಗೋದು 17-18 ವ್ಯಾಟ್, ಅದು ಒಳ್ಳೇ ಫಲಿತಾಂಶನೇ. ಆದ್ರೆ ಒಂದು ಪೋರ್ಟಲ್ಲಿ 5 ವೋಲ್ಟ್, 2.1 ಆಂಪ್, ಅಷ್ಟಕ್ಕೇ ನಿಲ್ಲುತ್ತೆ. ಪವರ್ ಬ್ಯಾಂಕಿಗೆ ಒಂದೇ ಇನ್‌ಪುಟ್ಟು, ಹಾಗಾಗಿ ಅದಕ್ಕೆ ಹೋಗೋದು ಹತ್ತು ಚಿಲ್ಲರೆ ವ್ಯಾಟ್ ಮಾತ್ರ, ಎರಡನೇ ಪೋರ್ಟಿಗೆ ಹೆಡ್‌ಲ್ಯಾಂಪೋ ಇನ್ನೊಂದು ಚಿಕ್ಕ ಬ್ಯಾಂಕೋ ಸಿಕ್ಕಿಸಿದ್ರೆ ಮಾತ್ರ ಉಳಿದಿದ್ದು ಉಪಯೋಗಕ್ಕೆ ಬರುತ್ತೆ. ಈಗ ಹೊಸದಾಗಿ ಕೊಳ್ಳೋರು ಟೈಪ್-ಸಿ ಪೋರ್ಟಲ್ಲಿ 9 ವೋಲ್ಟ್ ಬರೋ ಪ್ಯಾನೆಲ್ಲನ್ನೇ ಕೇಳಿ ತಗೊಳ್ಳಿ, ಅದೇ ಬಿಸಿಲಿಗೆ ಒಂದೇ ವೈರಲ್ಲಿ ಜಾಸ್ತಿ ಹೋಗುತ್ತೆ.

ಫೋನನ್ನ ನೇರವಾಗಿ ಪ್ಯಾನೆಲ್‌ಗೆ ಹಾಕಬೇಡಿ. ಒಂದು ಮೋಡ ಹಾದುಹೋಗುತ್ತೆ, ಕರೆಂಟ್ ಇಳಿಯುತ್ತೆ, ಬಿಸಿಲು ವಾಪಸ್ ಬಂದ್ರೂ ಎಷ್ಟೋ ಫೋನುಗಳು ಆ ಕಮ್ಮಿ ಕರೆಂಟಲ್ಲೇ ಉಳ್ಕೊಂಡು ಬಿಡ್ತವೆ. ತೊಟ್ಟಿ ತುಂಬಿಸಿಟ್ಟು ಬೇಕಾದಾಗ ಮೊಗೆದುಕೊಳ್ಳೋ ಹಾಗೆ ಹಗಲು ಬ್ಯಾಂಕ್ ತುಂಬಲಿ, ರಾತ್ರಿ ಅದರಿಂದ ಫೋನ್.

ಜಾಗದ ವಿಷಯ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಟೆಂಟ್ ಹಾಕೋರಿಗೆ ಸೋಲಾರ್ ಉಪಯೋಗಕ್ಕೆ ಬರೋದು ಕಮ್ಮಿ. ಸಿಲ್ವರ್ ಓಕ್ ಕೆಳಗೆ ಕಣ್ಣಿಗೆ ಬೆಳಕು ಚೆನ್ನಾಗೇ ಕಾಣುತ್ತೆ, ಆದ್ರೆ ಸೆಲ್‌ಗಳು ಒಂದಕ್ಕೊಂದು ಸಾಲಾಗಿ ಕೂಡಿರೋದ್ರಿಂದ ಪ್ಯಾನೆಲ್‌ನ ಒಂದು ಮಡಿಕೆ ಮೇಲೆ ಕೊಂಬೆ ನೆರಳು ಬಿದ್ರೂ ಸಾಕು, 2.1 ಆಂಪ್ ತೋರಿಸ್ತಿದ್ದ ಮೀಟರ್ 0.3ಕ್ಕೆ ಬಂದು ಕೂರುತ್ತೆ, ಆ ಮೂಲೆನ ಎರಡು ಅಡಿ ಆಚೆ ಎಳೆದ ಕೂಡ್ಲೇ ಮತ್ತೆ 2 ದಾಟುತ್ತೆ. ಹಿನ್ನೀರಿನ ದಡ ಹಾಗಲ್ಲ, ಜನವರಿ ಮುಗೀತಾ ನೀರು ಇಳಿದು ಬಯಲು ದಡ ಬಿಟ್ಕೊಡುತ್ತೆ, ಬೆಳಗಿನ ಮಂಜು ಕರಗಿದ ಮೇಲೆ ಸಂಜೆವರೆಗೂ ಬಿಸಿಲು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಪ್ಯಾನೆಲ್ ನೆಲಕ್ಕೆ ಹಾಸದೆ ಆ ಕಡೆಗೆ ಓರೆಯಾಗಿ ಒರಗಿಸಿ, ಗಂಟೆಗೊಂದ್ಸಲ ತಿರುಗಿಸಿ. ಬ್ಯಾಗ್ ಹಿಂದೆ ನೇತಾಕಿ ನಡೆಯೋದು ಫೋಟೋಗೆ ಚೆಂದ, ಚಾರ್ಜ್ ಆಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿಗೆ ಪ್ಯಾನೆಲ್ ಹೊರೋದೇ ಬೇಡ.

ಕಾರಲ್ಲಿ ಹೋಗೋರಾದ್ರೆ ಇನ್ನೊಂದು ದಾರಿ ಇದೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಅಲ್ಯೂಮಿನಿಯಂ ಫ್ರೇಮ್‌ನ 20 ವ್ಯಾಟ್ ಗಾಜಿನ ಪ್ಯಾನೆಲ್, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗೋ ಕರೆಂಟನ್ನ ಹತೋಟಿಯಲ್ಲಿಡೋ 10 ಆಂಪ್‌ನ ಸಾದಾ (ಪಿಡಬ್ಲ್ಯೂಎಂ) ಕಂಟ್ರೋಲರ್, 12 ವೋಲ್ಟ್ 6 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎಲ್ಲಾ ಬಿಡಿಬಿಡಿಯಾಗಿ ಸಿಗುತ್ತೆ. ಪ್ಯಾನೆಲ್ಲೇ ಎರಡು ಕೆಜಿ ತೂಗುತ್ತೆ, ಆದ್ರೆ ವರ್ಷಗಟ್ಟಲೆ ಬಾಳುತ್ತೆ, ಟೆಂಟಿಗೆ ಎಲ್‌ಇಡಿ ಲೈಟೂ ಹಾಕಬಹುದು. ಈ ಕಂಟ್ರೋಲರಲ್ಲಿ 20 ವ್ಯಾಟಲ್ಲಿ 14ರ ಹತ್ರ ಬ್ಯಾಟರಿ ಸೇರುತ್ತೆ, ಇಷ್ಟು ಚಿಕ್ಕ ಪ್ಯಾನೆಲ್‌ಗೆ ಇನ್ನೂ ಜಾಸ್ತಿ ಶಕ್ತಿ ಎಳೆಯೋ ದುಬಾರಿ ಎಂಪಿಪಿಟಿ ಕಂಟ್ರೋಲರ್ ಬೇಕಿಲ್ಲ. ಜೋಡಿಸೋವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಬಿಚ್ಚೋವಾಗ ಉಲ್ಟಾ. ಅಗ್ಗ ಅಂತ ಯುಪಿಎಸ್‌ನ 7 ಎಎಚ್ ಲೆಡ್-ಆಸಿಡ್ ಬ್ಯಾಟರಿ ಕೊಟ್ರೆ ಬೇಡ ಅನ್ನಿ, ಬಾಳಿಕೆ ಬರ್ಬೇಕು ಅಂದ್ರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಸೋಕಾಗಲ್ಲ.

ಆನ್‌ಲೈನಲ್ಲಿ ಮಡಚೋ ಪ್ಯಾನೆಲ್ ತರಿಸಿದ್ರೆ ವಾಪಸ್ ಕಳ್ಸೋ ಗಡುವು ಮುಗಿಯೋ ಮುಂಚೆ ಒಂದು ಮಧ್ಯಾಹ್ನ ತಾರಸಿ ಮೇಲೆ ಹರಡಿ, ಎರಡೂ ಪೋರ್ಟಿಗೆ ಒಂದೊಂದು ಖಾಲಿ ಪವರ್ ಬ್ಯಾಂಕ್ ಸಿಕ್ಕಿಸಿ, ಮಧ್ಯೆ ಮೀಟರ್ ಹಾಕಿ ನೋಡಿ. ಬ್ಯಾಂಕ್ ತುಂಬಿದ್ರೆ ಕರೆಂಟ್ ಎಳೆಯಲ್ಲ, ಅದಕ್ಕೇ ಖಾಲಿ ಅಂದಿದ್ದು. ಮೋಡ ಇಲ್ಲದ ಹೊತ್ತಲ್ಲೂ ಎರಡು ಪೋರ್ಟ್ ಸೇರಿ ಬರೆದ ವ್ಯಾಟಿನ ಅರ್ಧನೂ ಬರ್ಲಿಲ್ಲ ಅಂದ್ರೆ ವಾಪಸ್ ಕಳ್ಸಿಬಿಡಿ.