ಎಸ್‌ಡಿಎಸ್ ಜೊತೆ ಮೂರು ಪಾಲಿಮರ್‌ಗಳು: ಒಂದು ಹೋಲಿಕೆ

ನೀರಿನಲ್ಲಿ ಪಾಲಿಮರ್ (ಉದ್ದ ಸರಪಳಿಯಂಥ ಅಣು) ಮತ್ತು ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಒಂದಕ್ಕೊಂದು ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಅರಿಯಲು ಋಣಾವೇಶದ ಸರ್ಫ್ಯಾಕ್ಟಂಟ್ ಆದ ಸೋಡಿಯಂ ಡೋಡೆಸಿಲ್ ಸಲ್ಫೇಟ್, ಅಂದರೆ ಎಸ್‌ಡಿಎಸ್ ಜೊತೆ ಪಾಲಿಎಥಿಲೀನ್ ಆಕ್ಸೈಡ್, ಪಾಲಿವಿನೈಲ್ ಪೈರೊಲಿಡೋನ್ (ಪಿವಿಪಿ) ಮತ್ತು ಧನಾವೇಶದ ಸೆಲ್ಯುಲೋಸ್ ಆದ ಪಾಲಿಕ್ವಾಟರ್ನಿಯಂ-10 ಇವನ್ನು ಒಂದೊಂದಾಗಿ ಬೆರೆಸಿ ನೋಡಿದ್ದೇನೆ. ಅಳತೆಗೆ ಪಿವಿಪಿ, ಉಪಯೋಗಕ್ಕೆ ಪಾಲಿಕ್ವಾಟರ್ನಿಯಂ ಮೇಲು ಎಂಬುದು ನನ್ನ ಅಭಿಪ್ರಾಯ.

ಬರಿಯ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಸ್‌ಡಿಎಸ್ ಸುಮಾರು 8 ಮಿಲಿಮೋಲಾರ್ ಸಾಂದ್ರತೆ ಮುಟ್ಟಿದಾಗ ಮಿಸೆಲ್‌ಗಳೆಂಬ ಪುಟ್ಟ ಅಣುಗೊಂಚಲುಗಳಾಗಿ ಗುಂಪುಗೂಡುತ್ತದೆ. ಪಾಲಿಎಥಿಲೀನ್ ಆಕ್ಸೈಡ್ ಇದ್ದರೆ ಈ ಗುಂಪುಗೂಡುವಿಕೆ 4–5 ಮಿಲಿಮೋಲಾರ್‌ನಲ್ಲೇ ಶುರುವಾಗುತ್ತದೆ, ಪಿವಿಪಿ ಇದ್ದರೆ 2ರ ಆಸುಪಾಸಿನಲ್ಲಿ. ಸರಪಳಿಯ ತುಣುಕುಗಳು ಮಿಸೆಲ್‌ನ ಮೇಲ್ಮೈಯನ್ನು ಸುತ್ತಿಕೊಂಡು, ಅದರ ಎಣ್ಣೆಯಂಥ ಒಡಲು ನೀರಿಗೆ ತಾಗುವುದನ್ನು ತಗ್ಗಿಸುವುದರಿಂದ, ದಾರದಲ್ಲಿ ಪೋಣಿಸಿದ ಮಣಿಗಳಂತೆ ಪುಟ್ಟ ಮಿಸೆಲ್‌ಗಳು ಪಾಲಿಮರ್ ಉದ್ದಕ್ಕೂ ನೆಲೆಗೊಳ್ಳುತ್ತವೆ. ಆದರೆ ಪಾಲಿಎಥಿಲೀನ್ ಆಕ್ಸೈಡ್‌ನ ತೀರ ಗಿಡ್ಡ ಸರಪಳಿಗಳಲ್ಲಿ ಈ ಪರಿಣಾಮ ಕಾಣುವುದು ಕಷ್ಟ. ಸರ್ಫ್ಯಾಕ್ಟಂಟ್ ಧನಾವೇಶದ್ದಾದರೆ ಉದ್ದ ಸರಪಳಿಯೂ ಹೆಚ್ಚೇನೂ ಸ್ಪಂದಿಸುವುದಿಲ್ಲ. ಪಿವಿಪಿಯಲ್ಲಿ ಸಾಂದ್ರತೆ ಏರಿದಂತೆ ಬದಲಾಗುವ ವಿದ್ಯುತ್ ವಾಹಕತೆಯ ರೇಖೆಯ ಮೊದಲ ಬಾಗು (ಪಾಲಿಮರ್ ಮೇಲೆ ಗುಂಪುಗೂಡುವಿಕೆ ಶುರುವಾಗುವಲ್ಲಿ) ಎರಡನೆಯದರಿಂದ (ಬಿಡಿ ಮಿಸೆಲ್‌ಗಳು ಹುಟ್ಟುವಲ್ಲಿ) ದೂರವಿರುವುದರಿಂದ ಅದನ್ನು ಗುರುತಿಸುವುದು ಸುಲಭ. ಮೇಲ್ಮೈ ಎಳೆತವನ್ನು ಅಳೆಯಹೊರಟವರು ಎಚ್ಚರದಿಂದಿರಬೇಕು: ಎಸ್‌ಡಿಎಸ್ ಜಲವಿಭಜನೆಗೊಂಡು ಹುಟ್ಟುವ ಡೋಡೆಕನಾಲ್ ಅತ್ಯಲ್ಪವಿದ್ದರೂ ರೇಖೆಯಲ್ಲಿ ಇಲ್ಲದ ತಗ್ಗೊಂದನ್ನು ತೋರಿಸಿಬಿಡುತ್ತದೆ.

ಪಾಲಿಕ್ವಾಟರ್ನಿಯಂ-10ರ ವರ್ತನೆ ಬೇರೆಯೇ. ಇಲ್ಲಿ ವಿರುದ್ಧ ಆವೇಶಗಳ ಸೆಳೆತದ ಜೊತೆಗೆ, ಎರಡೂ ಕಡೆಯ ಸಣ್ಣ ಅಯಾನುಗಳು ಬಿಡುಗಡೆಯಾಗಿ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಹೆಚ್ಚುವುದರಿಂದ, 8 ಮಿಲಿಮೋಲಾರ್‌ಗಿಂತ ಎಷ್ಟೋ ಕೆಳಗೆ ಬಂಧ ಏರ್ಪಡುತ್ತದೆ. ತಿಳಿಯಾಗಿದ್ದ ದ್ರಾವಣ ಎಸ್‌ಡಿಎಸ್ ಹನಿಹನಿಯಾಗಿ ಬೀಳುತ್ತಿದ್ದಂತೆ ಮೊದಲು ತೆಳುವಾಗಿ ಮಸುಕಾಗುತ್ತದೆ. ಆವೇಶಗಳು ಸರಿದೂಗುವ ಹೊತ್ತಿಗೆ ಬಿಳಿಯ ಗಷ್ಟು ತಳ ಸೇರುತ್ತದೆ. ಎಸ್‌ಡಿಎಸ್ ಸಾಕಷ್ಟು ಮಿಗಿಲಾದಾಗ ಅದೇ ಗಷ್ಟು ಕರಗಿ ಮತ್ತೆ ತಿಳಿಯಾಗುತ್ತದೆ. ಶಾಂಪೂವಿನಲ್ಲಿ ಧನಾವೇಶದ ಪಾಲಿಮರ್ ಬಳಸುವುದರ ಮರ್ಮವೂ ಇದೇ: ತೊಳೆಯುವಾಗ ನೀರು ಸೇರಿ ಸರ್ಫ್ಯಾಕ್ಟಂಟ್ ತೆಳುವಾದಂತೆ, ಕರಗಿದ್ದ ಸಂಕೀರ್ಣ ಬೇರ್ಪಟ್ಟು ಕೂದಲಿನ ಮೇಲೆ ಕೂರುತ್ತದೆ. ಮಿಕ್ಕೆರಡು ಪಾಲಿಮರ್‌ಗಳಿಂದ ಈ ಕೆಲಸವಾಗದು.

ತಂಪಾದ ಕೋಣೆಯಲ್ಲಿ ಎಸ್‌ಡಿಎಸ್ ತಾನೇ ಹರಳುಗಟ್ಟಿ ದ್ರಾವಣವನ್ನು ಮಸುಕಾಗಿಸಬಲ್ಲದು. ಅದನ್ನು ಪಾಲಿಮರ್‌ನ ಗಷ್ಟೆಂದು ಬಗೆಯುವ ಮುನ್ನ ಸೀಸೆಯನ್ನು ತುಸು ಬೆಚ್ಚಗೆ ಮಾಡಿ ನೋಡಬೇಕು, ಹರಳಾಗಿದ್ದರೆ ಕರಗಿಹೋಗುತ್ತದೆ.