ಟ್ರ್ಯಾಕ್ ರೈಡಿಂಗ್ ಕಲಿಯಲು ಮೂರು ಕಡೆ ದುಡ್ಡು ಕೊಟ್ಟೆ, ಮತ್ತೆ ಕೊಡುವುದು ಒಂದಕ್ಕೇ

ಮೊದಲೇ ಹೇಳಿಬಿಡುತ್ತೇನೆ, ರೇಸ್ ಟ್ರ್ಯಾಕ್ ಮೇಲೆ ಬೈಕ್ ಓಡಿಸಲು ಕಲಿಸುವವರಲ್ಲಿ ನನ್ನ ಓಟು ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್‌ಗೆ. ನಾನು ನೋಡಿದ ಮೂರರಲ್ಲಿ ಅತಿ ದುಬಾರಿ ಅದೇ. ಆದರೂ ಅದಕ್ಕೇ.

ನನ್ನದು ಕೆಟಿಎಂ ಆರ್‌ಸಿ 390 ಬೈಕ್. ವಾರವೆಲ್ಲ ಆಫೀಸಿಗೆ, ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆಗೆ. ಬೆಟ್ಟದ ತಿರುವಿನಲ್ಲಿ ಜೋರು ತೋರಿಸುವ ವಯಸ್ಸು ದಾಟಿದೆ. ಎದುರಿಗೆ ಬರುವ ಟೆಂಪೋ ಟ್ರಾವೆಲರ್‌ನವನಿಗೆ ನಮ್ಮ ರೇಸಿಂಗ್ ಲೈನ್, ಅಂದರೆ ತಿರುವಿನಲ್ಲಿ ನಾವು ಹಿಡಿಯುವ ದಾರಿ, ಯಾಕೆ ಗೊತ್ತಿರಬೇಕು? ಹಾಗಾಗಿ ಟ್ರ್ಯಾಕ್. ಸುಮ್ನೆ ಟ್ರ್ಯಾಕ್ ಡೇಗೆ ದುಡ್ಡು ಕಟ್ಟಿ ಸುತ್ತು ಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಇರುವ ಕೆಟ್ಟ ಅಭ್ಯಾಸವೇ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ. ನೋಡಿ ಹೇಳುವವರು ಒಬ್ಬರು ಬೇಕು.

ಬೆಂಗಳೂರಿನವರಿಗೆ ಹತ್ತಿರದ ದೊಡ್ಡ ಟ್ರ್ಯಾಕ್‌ಗಳೆಲ್ಲ ತಮಿಳುನಾಡಿನಲ್ಲಿವೆ. ಒಂದು ಚೆನ್ನೈ ಹತ್ತಿರ, ಶ್ರೀಪೆರಂಬುದೂರು ಪಕ್ಕದ ಇರುಂಗಾಟುಕೋಟೈನಲ್ಲಿ. ಎಂಎಂಆರ್‌ಟಿ ಎಂದೇ ಎಲ್ಲರೂ ಕರೆಯುವುದು, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದು ಹೆಸರಿಟ್ಟಿದ್ದಾರೆ. ಸುಮಾರು 3.7 ಕಿ.ಮೀ., 12 ತಿರುವು. ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ. ಫಾರ್ಮುಲಾ ಮಾರುತಿ ಎನ್ನುವ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನದು. ಕೊಯಮತ್ತೂರಿನ ಬಳಿಯೇ ಕೋಸ್ಟ್ ಎನ್ನುವ ಇನ್ನೂ ಉದ್ದದ ಟ್ರ್ಯಾಕ್ ಇದೆ, ಅಲ್ಲಿಗೆ ನಾನು ಹೋಗಿಲ್ಲ.

ನಾನು ನೋಡಿದ್ದು ಇವು: ಎಂಎಂಆರ್‌ಟಿಯಲ್ಲಿ ಕ್ಯಾಲಿಫೋರ್ನಿಯಾ ಸ್ಕೂಲ್‌ನ ಲೆವೆಲ್ 1, ರೇಸರ್‌ಗಳು ನಡೆಸುವ ಒಂದು ಶಾಲೆ (ಹೆಸರು ಬೇಡ, ಯಾಕೆಂದು ಮುಂದೆ ಗೊತ್ತಾಗುತ್ತದೆ), ಮತ್ತೆ ಬೆಂಗಳೂರಿನಲ್ಲೇ ಗೋ-ಕಾರ್ಟಿಂಗ್ (ಪುಟ್ಟ ರೇಸ್ ಕಾರು ಓಡಿಸುವುದು).

ಕ್ಯಾಲಿಫೋರ್ನಿಯಾ ಸ್ಕೂಲ್ ಶುರು ಮಾಡಿದವರು ಕೀತ್ ಕೋಡ್, ಅಮೆರಿಕದಲ್ಲಿ, 1980ರಲ್ಲಿ. ಭಾರತಕ್ಕೆ ಟಿವಿಎಸ್ ರೇಸಿಂಗ್ ಜೊತೆ ಸೇರಿ ಬರುತ್ತಾರೆ. ಅಲ್ಲಿ ನನಗೆ ಹಿಡಿಸಿದ್ದು ದಿನದ ಜೋಡಣೆ. ಒಂದು ಪಾಠ, ತಕ್ಷಣ ಟ್ರ್ಯಾಕ್, ಟ್ರ್ಯಾಕ್‌ನಿಂದ ಇಳಿದ ಕೂಡಲೇ ಕೋಚ್ ಜೊತೆ ಮಾತು. ಆಮೇಲೆ ಮುಂದಿನ ಪಾಠ. ಹೀಗೆ ದಿನಕ್ಕೆ ಐದು ಸಲ. ಪ್ರತಿ ಪಾಠದಲ್ಲಿ ಒಂದೇ ವಿಷಯ. ಲೆವೆಲ್ 1ರಲ್ಲಿ ಮೊದಲನೆಯದು ಥ್ರಾಟಲ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ಮೇಲಿನ ಹಿಡಿತ. ಆಮೇಲೆ ಎಲ್ಲಿ ತಿರುಗಿಸಬೇಕು, ಎಷ್ಟು ಚುರುಕಾಗಿ ತಿರುಗಿಸಬೇಕು, ಹ್ಯಾಂಡಲ್ ಮೇಲೆ ಬೇಡದ ಭಾರ ಹೇರದಿರುವುದು ಹೇಗೆ, ಕೊನೆಗೆ ಕಣ್ಣು ಎಲ್ಲಿಡಬೇಕು.

ಮೊದಲ ಸೆಷನ್‌ನಲ್ಲಿ ಒಂದೇ ಗೇರ್, ಬ್ರೇಕ್ ಮುಟ್ಟುವ ಹಾಗಿಲ್ಲ. ಕೇಳಿದಾಗ ಇದೇನು ಮಕ್ಕಳಾಟ ಅನ್ನಿಸಿತು. ಟ್ರ್ಯಾಕ್‌ನ ಉದ್ದನೆಯ ನೇರ ಭಾಗ ಮುಗಿದು ಮೊದಲ ತಿರುವು ಸಿ-1 ಎದುರಿಗೆ ಬಂದಾಗ ಬ್ರೇಕ್ ಇಲ್ಲ ಎಂದರೆ, ಥ್ರಾಟಲ್ ಎಲ್ಲಿ ಬಿಡಬೇಕು ಎನ್ನುವುದನ್ನು ಮೊದಲೇ ಯೋಚಿಸಲೇಬೇಕು. ತಿರುವಿನೊಳಗೆ ಬೈಕ್ ವಾಲಿದಾಗ ಟೈರ್ ಉಜ್ಜಿ ವೇಗ ತಾನಾಗಿ ಇಳಿಯುತ್ತದೆ, ಭಾರ ಮುಂದಿನ ಚಕ್ರಕ್ಕೆ ಬೀಳುತ್ತದೆ. ಅಲ್ಲಿ ಥ್ರಾಟಲ್ ಮೆಲ್ಲಗೆ, ಒಂದೇ ಸಮನೆ ತೆರೆಯುತ್ತಾ ಹೋದರೆ ಭಾರ ಹಿಂದಕ್ಕೆ ಸರಿದು ಮುಂದೆ 40, ಹಿಂದೆ 60 ಶೇಕಡಾ ಎನ್ನುವ ಲೆಕ್ಕಕ್ಕೆ ಸುಮಾರಾಗಿ ನಿಲ್ಲುತ್ತದೆ. ಬೈಕ್ ಹಿಡಿದ ಲೈನ್ ಬಿಡುವುದಿಲ್ಲ. ಇದನ್ನೆಲ್ಲ ಓದಿ ತಿಳಿದಿದ್ದೆ. ಕೈಗೆ ಮಾತ್ರ ಗೊತ್ತಿರಲಿಲ್ಲ. ತಿರುವಿನ ನಡುವೆ ನನ್ನ ಕೈ ಸಣ್ಣಗೆ ಮುಚ್ಚಿ, ತೆರೆದು, ಮತ್ತೆ ಮುಚ್ಚುತ್ತಿತ್ತು. ಹಿಂದೆ ಬರುತ್ತಿದ್ದ ಕೋಚ್‌ಗೆ ಅದು ಬೈಕ್ ತಲೆದೂಗುವುದರಲ್ಲೇ ಕಂಡಿದೆ.

ನಮ್ಮ ಕೋಚ್ ಕೈಯಲ್ಲಿ ಇದ್ದವರು ನಾವು ಮೂವರೇ. ಹಿಂದಿನಿಂದ ಸ್ವಲ್ಪ ಹೊತ್ತು ನೋಡುವುದು, ಪಕ್ಕದಿಂದ ಮುಂದೆ ಹೋಗಿ ತನ್ನ ಬೈಕಿನ ಹಿಂಬದಿ ತಟ್ಟಿ ‘ಹಿಂಬಾಲಿಸು’ ಎಂದು ತೋರಿಸುವುದು, ಆಮೇಲೆ ಮತ್ತೆ ಹಿಂದೆ ಸರಿದು ನೋಡುವುದು. ಇಳಿದ ಮೇಲೆ ಆ ಮನುಷ್ಯ ಹೇಳಿದ್ದು ಒಂದೇ ಮಾತು, ಇಂಥ ತಿರುವಿನಲ್ಲಿ ಬೇಗ ತಿರುಗಿಸುತ್ತಿದ್ದೀಯ, ಅದಕ್ಕೇ ನಡುವೆ ಕೈ ಅಲುಗುತ್ತಿದೆ ಎಂದು. ಎರಡನೇ ಪಾಠಕ್ಕೆ ಟ್ರ್ಯಾಕ್ ಮೇಲೆ ಎಲ್ಲಿ ತಿರುಗಿಸಬೇಕೋ ಅಲ್ಲಿ ಗುರುತು ಹಾಕಿದ್ದರು. ಅದರ ಮೇಲೆ ಹೋಗಿ ತಿರುಗಿಸಿದಾಗ ತಡವಾಯಿತು, ಹೊರಗೆ ಹೋಗಿಬಿಡುತ್ತೇನೆ ಎಂದೇ ಮನಸ್ಸು ಕೂಗುತ್ತದೆ. ಹೋಗಲಿಲ್ಲ. ತಡವಾಗಿ, ಚುರುಕಾಗಿ ತಿರುಗಿಸಿದರೆ ಅದೇ ವೇಗಕ್ಕೆ ಬೈಕ್ ಕಡಿಮೆ ವಾಲಿದರೆ ಸಾಕು, ಥ್ರಾಟಲ್ ಬೇಗ ತೆರೆಯಬಹುದು. ಮಂಡಿ ನೆಲಕ್ಕೆ ತಾಗಿಸುವ ಫೋಟೋ ಬೇಕಿದ್ದವರಿಗೆ ಇದು ಬೇಸರದ ಸಂಗತಿ.

ಲ್ಯಾಪ್ ಟೈಮ್ ಬಗ್ಗೆ ಅಲ್ಲಿ ಯಾರೂ ಮಾತೇ ಎತ್ತಲಿಲ್ಲ. ನಿಮ್ಮ ಪೂರ್ತಿ ವೇಗದ ಮುಕ್ಕಾಲು ಸಾಕು ಎನ್ನುತ್ತಾರೆ.

ಇನ್ನು ಆ ಎರಡನೇ ಶಾಲೆ. ಫೀಸು ಹೆಚ್ಚುಕಮ್ಮಿ ಅರ್ಧ. ಹೇಳಿಕೊಡುವವರು ನಿಜವಾದ ರೇಸರ್‌ಗಳು, ಅವರ ಕೌಶಲದ ಬಗ್ಗೆ ನನಗೆ ಎರಡು ಮಾತಿಲ್ಲ. ಬ್ರೇಕಿಂಗ್ ಪಾಠ ಅಲ್ಲಿ ಚೆನ್ನಾಗಿತ್ತು, ರೇಸ್ ಸ್ಟಾರ್ಟ್ ಕೂಡ ಮಾಡಿಸಿದರು. ಟ್ರ್ಯಾಕ್ ಮೇಲೆ ಕಳೆದ ಹೊತ್ತು ಲೆಕ್ಕ ಹಾಕಿದರೆ ಅಲ್ಲೇ ಜಾಸ್ತಿ ಸಿಕ್ಕಿದ್ದು.

ಕಲಿಸುವ ಕ್ರಮ ಮಾತ್ರ ಹೀಗೆ: “ಬ್ರೋ, ನನ್ನ ಹಿಂದೇನೇ ಬನ್ನಿ, ನನ್ನ ಲೈನ್ ಬಿಡಬೇಡಿ.” ಮುಂದೆ ಗುರು, ಹಿಂದೆ ನಾವು ಆರು ಜನ ಸಾಲಾಗಿ. ಗುರುವಿನ ಲೈನ್ ಕಾಣುವುದು ಅವರ ಬೆನ್ನಿಗಿರುವವನಿಗೆ ಮಾತ್ರ. ಎರಡನೆಯವನು ಮೊದಲನೆಯವನ ತಪ್ಪನ್ನು ಕಾಪಿ ಹೊಡೆಯುತ್ತಾನೆ, ಮೂರನೆಯವನು ಎರಡನೆಯವನದನ್ನು. ಆರನೆಯವನು ಹೋಗುವ ಲೈನಿಗೂ ಗುರುವಿನ ಲೈನಿಗೂ ಸಂಬಂಧವೇ ಇರುವುದಿಲ್ಲ. ಲ್ಯಾಪಿಗೊಮ್ಮೆ ಮುಂದಿನವನು ಹಿಂದಕ್ಕೆ ಹೋಗಬೇಕು ಎಂಬ ನಿಯಮವಿತ್ತು. ಎರಡು ಸೆಷನ್ ಆದಮೇಲೆ ಅದೂ ನಿಂತಿತು.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದೇ ಹೋದದ್ದು ಸೂಟು.

ಒಂದೇ ತುಂಡಿನ ಲೆದರ್ ಸೂಟ್ ಬೇಕು, ಇಲ್ಲದಿದ್ದರೆ ಸೊಂಟದ ಸುತ್ತ ಜಿಪ್ ಕೂಡುವ ಎರಡು ತುಂಡಿನದು. ಇಲ್ಲದೇ ಟ್ರ್ಯಾಕ್ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಸ್ವಂತದ್ದು ಇಲ್ಲದವರಿಗೆ ಬಾಡಿಗೆಗೆ ಕೊಡುತ್ತೇವೆ ಎಂದು ಫಾರಂನಲ್ಲಿ ಎತ್ತರ, ತೂಕ, ಎದೆ ಅಳತೆ ಎಲ್ಲ ಬರೆಸಿಕೊಂಡಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಹಗ್ಗದ ಮೇಲೆ ಸೂಟುಗಳು ಸಾಲಾಗಿ ನೇತಾಡುತ್ತಿವೆ, ಯಾವುದು ಯಾರಿಗೆ ಎಂದು ಯಾರಿಗೂ ಗೊತ್ತಿಲ್ಲ. ಯಾರ ಕೈಗೆ ಯಾವುದು ಸಿಕ್ಕಿತೋ ಅವರಿಗೆ ಅದು. ನನಗೆ ಸಿಕ್ಕಿದ್ದು ನನಗಿಂತ ಉದ್ದವಾದ, ನನಗಿಂತ ತೆಳ್ಳಗಿನ ಯಾರಿಗೋ ಹೊಲಿದದ್ದು. ಹೊಟ್ಟೆಯ ಹತ್ತಿರ ಜಿಪ್ ಏರುವುದಿಲ್ಲ, ಮಂಡಿಯ ಗಾರ್ಡ್ ಮೊಣಕಾಲ ಕೆಳಗೆ ಬಂದು ಕೂತಿದೆ. ಗಾರ್ಡ್ ಜಾಗ ತಪ್ಪಿದ್ದರೆ ಬಿದ್ದಾಗ ಅದು ಇದ್ದೂ ಇಲ್ಲದ ಹಾಗೆ. ಕೇಳಿದರೆ, “ಲೆದರ್ ಅಲ್ವಾ ಬ್ರೋ, ಮಧ್ಯಾಹ್ನದೊಳಗೆ ಲೂಸ್ ಆಗುತ್ತೆ.”

ಆಗಲಿಲ್ಲ.

ರೇಸ್ ಸೂಟನ್ನು ಬಾಗಿ ಕೂತ ಮೈಗೆ ಹೊಂದುವಂತೆ ಹೊಲಿದಿರುತ್ತಾರೆ. ನಿಂತರೆ ಬೆನ್ನು ಎಳೆಯುತ್ತದೆ, ನಡೆದರೆ ಗೂನು ಬಂದವರಂತೆ ಕಾಣುತ್ತೇವೆ. ಅದು ಸರಿಯಾದ ಸೂಟಿನಲ್ಲೂ ಇದ್ದದ್ದೇ. ಅಳತೆ ತಪ್ಪಿದ ಸೂಟಿನ ಕಥೆ ಬೇರೆ. ತಿರುವಿಗೆ ಮೊದಲು ಸೊಂಟ ಪಕ್ಕಕ್ಕೆ ಸರಿಸಬೇಕು ಅಂದರೆ ತೊಡೆಸಂದಿನ ಹೊಲಿಗೆ ಬಿಡುವುದಿಲ್ಲ. ಬಲವಂತವಾಗಿ ಸರಿಯಲು ಹ್ಯಾಂಡಲ್ ಜಗ್ಗಿ ಹಿಡಿಯುತ್ತೇವೆ. ಹ್ಯಾಂಡಲ್ ಜಗ್ಗಿದರೆ ಬೈಕ್ ಅಲುಗುತ್ತದೆ. ಬೈಕ್ ಅಲುಗಿದರೆ ಮನಸ್ಸು ಹೆದರಿ ಥ್ರಾಟಲ್ ಮುಚ್ಚುತ್ತದೆ. ಗಮನ ಎನ್ನುವುದು ಜೇಬಿನಲ್ಲಿರುವ ಹತ್ತು ಡಾಲರ್ ನೋಟು, ಒಂದು ಕಡೆ ಖರ್ಚಾದರೆ ಇನ್ನೊಂದು ಕಡೆಗೆ ಉಳಿಯುವುದಿಲ್ಲ ಎಂದು ಕೀತ್ ಕೋಡ್ ಹೇಳುತ್ತಾರೆ. ಆ ದಿನ ನನ್ನ ಎಂಟು ಡಾಲರ್ ಸೂಟಿಗೇ ಹೋಯಿತು.

ನಿಜವಾದ ನಷ್ಟ ಟ್ರ್ಯಾಕ್‌ನಲ್ಲಿ ಆದದ್ದಲ್ಲ. ನಮ್ಮನ್ನು ಎರಡು ಬ್ಯಾಚ್ ಮಾಡಿದ್ದರು, ಸೂಟುಗಳು ಒಂದೂವರೆ ಬ್ಯಾಚಿಗೆ ಆಗುವಷ್ಟು. ಅಂದರೆ ನಮ್ಮಲ್ಲಿ ಕೆಲವರು ಇಳಿದ ತಕ್ಷಣ ಸೂಟು ಬಿಚ್ಚಿ ಇನ್ನೊಂದು ಬ್ಯಾಚಿನವರಿಗೆ ಕೊಡಬೇಕು. ತಮಿಳುನಾಡಿನ ಬಿಸಿಲು, ಒಳಗೆ ಬೆವರಿಗೆ ಅಂಟಿಕೊಂಡ ಲೆದರ್. ಬಿಚ್ಚುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನನ್ನ ಸೂಟಿನ ಪಾಲುದಾರ ಸೇಲಂನ ಒಬ್ಬ ಹುಡುಗ. ಅವನು ತೋಳು ಹಿಡಿದು ಎಳೆಯುವುದು, ನಾನು ಕುರ್ಚಿ ಹಿಡಿದು ನಿಲ್ಲುವುದು. ಆಮೇಲೆ ಅದೇ ಒದ್ದೆ ಸೂಟಿನೊಳಗೆ ಅವನು ನುಗ್ಗುವುದು, ನಾನು ಜಿಪ್ ಎಳೆಯುವುದು. ಪಾಪ, ಅವನಿಗೆ ಅದು ಇನ್ನೂ ಬಿಗಿ. ಇಷ್ಟು ಮುಗಿಸಿ ಬನಿಯನ್‌ನಲ್ಲಿ ಓಡಿ ಬಂದರೆ, ಗುರುಗಳು ನಮ್ಮ ಸೆಷನ್ ಬಗ್ಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಿ ಎದ್ದಿರುತ್ತಿದ್ದರು. ನಾನು ದುಡ್ಡು ಕೊಟ್ಟದ್ದೇ ಆ ಹತ್ತು ನಿಮಿಷಕ್ಕೆ. ಟ್ರ್ಯಾಕ್ ಬಾಡಿಗೆಗೆ ಬೇರೆ ಕಡೆಯೂ ಸಿಗುತ್ತದೆ.

ಸಂಜೆ ಬೋರ್ಡಿನ ಮೇಲೆ ಎಲ್ಲರ ಲ್ಯಾಪ್ ಟೈಮ್ ಬರೆದರು. ಚಪ್ಪಾಳೆ, ಫೋಟೋ, ಸರ್ಟಿಫಿಕೇಟ್. ನನ್ನ ಟೈಮ್ ಬೆಳಗಿಗಿಂತ ಕಡಿಮೆಯಾಗಿತ್ತು ನಿಜ. ಯಾಕೆ ಕಡಿಮೆಯಾಯಿತು ಎಂದು ಕೇಳಿದ್ದರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಬೆಂಗಳೂರಿನಲ್ಲೇ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಸೂಟು ತಗೊಂಡೆ. ನೋಡುವಾಗ ನಿಂತು ಕನ್ನಡಿ ನೋಡಬೇಡಿ, ಬೈಕ್ ಮೇಲೆ ಬಾಗಿ ಕೂತು ನೋಡಿ. ಕುಂಡಿ ಮತ್ತು ಭುಜದ ಹೊಲಿಗೆ ಗಟ್ಟಿಯಿದೆಯಾ, ಗಾರ್ಡ್‌ಗಳು ಒಳಗೇ ಇವೆಯಾ ಎಂದು ಕೈಹಾಕಿ ನೋಡಿ. ಒಳಗೆ ಹಾಕಲು ಮೈಗಂಟುವ ತೆಳ್ಳನೆಯ ಸ್ಪೋರ್ಟ್ಸ್ ಬಟ್ಟೆ ಕೈಕಾಲು ಪೂರ್ತಿ ಮುಚ್ಚುವಷ್ಟು ಇರಲಿ, ಲೆದರ್ ಸಲೀಸಾಗಿ ಜಾರುತ್ತದೆ. ಕ್ಯಾಲಿಫೋರ್ನಿಯಾ ಸ್ಕೂಲ್‌ಗೆ ನಾನು ಹೋದದ್ದು ಈ ಸೂಟಿನಲ್ಲಿ. ಅಂದರೆ ಎರಡೂ ಶಾಲೆಗೆ ಸಮಾನ ಪರೀಕ್ಷೆ ಆಗಲಿಲ್ಲ ಎಂದು ನೀವು ಹೇಳಬಹುದು. ಹೇಳಿ. ಆರು ಜನರ ರೈಲಿಗೆ ಅದು ಉತ್ತರವಲ್ಲ.

ಕಾರ್ಟಿಂಗ್ ಬಗ್ಗೆ ಚಿಕ್ಕದಾಗಿ. ಹೆಣ್ಣೂರು–ಬಾಗಲೂರು ರಸ್ತೆಯ ಮೆಕೋ ಕಾರ್ಟೋಪಿಯಾಕ್ಕೆ ಹೋಗುತ್ತಿದ್ದೆ. ಬೈಕಿನವರು ನಗಬೇಡಿ. ಹೊರಗಿನಿಂದ ಬಂದು, ಒಳ ಅಂಚು ಮುಟ್ಟಿ, ಮತ್ತೆ ಹೊರಗೆ ಹೋಗುವ ಲೈನ್ ಕಣ್ಣಿಗೆ ರೂಢಿಯಾಗಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ತಪ್ಪಿದರೆ ಸಾಮಾನ್ಯವಾಗಿ ಕಾರ್ಟ್ ತಿರುಗಿ ನಿಲ್ಲುತ್ತದೆ, ಅಷ್ಟೇ. ಆದರೆ ಕಾರ್ಟ್ ವಾಲುವುದಿಲ್ಲ. ಕೌಂಟರ್ ಸ್ಟೀರಿಂಗ್ (ತಿರುಗಬೇಕಾದ ಕಡೆಯ ಹ್ಯಾಂಡಲ್ ತಳ್ಳಿ ಬೈಕ್ ವಾಲಿಸುವುದು), ಮೈ ಸರಿಸುವುದು, ವಾಲಿದಾಗಿನ ಥ್ರಾಟಲ್, ಯಾವುದೂ ಬರುವುದಿಲ್ಲ. ಮರುದಿನ ಪಕ್ಕೆಲುಬು ನೋವು ಉಚಿತ.

ದೂರ: ಬೆಂಗಳೂರಿನಿಂದ ಇರುಂಗಾಟುಕೋಟೈಗೆ ಮುನ್ನೂರು ಕಿ.ಮೀ. ಹತ್ತಿರ. ಬೈಕ್ ಓಡಿಸಿಕೊಂಡೇ ಹೋಗಬಹುದು, ಆದರೆ ಹಿಂದಿನ ದಿನವೇ ಹೋಗಿ ಮಲಗಿ, ಮರುದಿನ ವಾಪಸ್ಸು ಹೊರಡಿ. ಇಡೀ ದಿನ ಟ್ರ್ಯಾಕ್ ಮಾಡಿ ರಾತ್ರಿ ಕೃಷ್ಣಗಿರಿ ದಾಟುವ ಸಾಹಸ ಬೇಡ. ಬೈಕ್ ಬಿದ್ದರೆ ವಾಪಸ್ಸು ತರಲು ಪಿಕಪ್ ಗಾಡಿಗೆ ಬೇಕಾಗುವ ದುಡ್ಡು ಪಕ್ಕಕ್ಕಿಟ್ಟಿರಿ.

ಇನ್ಶೂರೆನ್ಸ್: ನಮ್ಮ ಸಾಮಾನ್ಯ ಮೋಟಾರ್ ಪಾಲಿಸಿ ರೇಸ್, ಸ್ಪೀಡ್ ಟೆಸ್ಟಿಂಗ್‌ಗೆ ಅನ್ವಯಿಸುವುದಿಲ್ಲ. ಬಿದ್ದರೆ ಖರ್ಚು ನಿಮ್ಮದೇ ಎಂದುಕೊಂಡು ಹೋಗಿ. ಶಾಲೆಯ ಬೈಕ್ ಬೀಳಿಸಿದರೂ ಬಿಲ್ಲು ನಿಮಗೇ ಬರುತ್ತದೆ, ಸಹಿ ಹಾಕುವ ಮುಂಚೆ ಎಷ್ಟರವರೆಗೆ ಎಂದು ಕೇಳಿಕೊಳ್ಳಿ.

ದುಡ್ಡಿನ ವಿಷಯಕ್ಕೆ ಬಂದರೆ, ಕ್ಯಾಲಿಫೋರ್ನಿಯಾ ಸ್ಕೂಲ್‌ಗೆ ಕೊಟ್ಟದ್ದು ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ. ಮನೆಯಲ್ಲಿ ಪೂರ್ತಿ ಮೊತ್ತ ಹೇಳಿಲ್ಲ. ವರ್ಷವೆಲ್ಲ ಅವರು ಇಲ್ಲಿರುವುದೂ ಇಲ್ಲ, ಬಂದಾಗ ರಜೆ ಹೊಂದಿಸಿಕೊಳ್ಳಬೇಕು. ನಾನು ರೇಸ್ ಮಾಡುವವನಲ್ಲ, ವರ್ಷಕ್ಕೊಂದು ಸಲ ಸರಿಯಾಗಿ ಕಲಿತು ಉಳಿದ ದಿನ ರಸ್ತೆಯಲ್ಲಿ ನಿಧಾನಕ್ಕೆ ಅಭ್ಯಾಸ ಮಾಡುವವನು. ಥ್ರಾಟಲ್ ಒಂದೇ ಸಮ ತೆರೆಯುವುದನ್ನು ನಲವತ್ತು ಕಿ.ಮೀ. ವೇಗದಲ್ಲೂ ಅಭ್ಯಾಸ ಮಾಡಬಹುದು, ಹೊಸೂರು ರಸ್ತೆಯ ಫ್ಲೈಓವರ್ ಇಳಿಯುವ ತಿರುವಿನಲ್ಲೂ. ನನ್ನಂಥವರಿಗೆ ಆ ಫೀಸು ಹೊರೆಯಾದರೂ ವ್ಯರ್ಥವಲ್ಲ.

ನಿಮಗೆ ರೇಸ್ ಮಾಡಲೇಬೇಕಿದ್ದರೆ ಲೆಕ್ಕ ಬೇರೆ. ದೇಶದ ಮೋಟಾರ್ ಸ್ಪೋರ್ಟ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು, ಹೊಸಬರು ಅದಕ್ಕೆ ಮಾನ್ಯತೆ ಇರುವ ತರಬೇತಿಯ ಸರ್ಟಿಫಿಕೇಟ್ ತೋರಿಸಬೇಕು. ಆಗ ರೇಸರ್‌ಗಳ ಶಾಲೆಯೇ ಸರಿ. ಸ್ಟಾರ್ಟ್, ಓವರ್‌ಟೇಕ್, ಗುಂಪಿನಲ್ಲಿ ಓಡಿಸುವುದು ಅಲ್ಲಿಯೇ ಸಿಗುವುದು. ಸೇರುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಒಬ್ಬ ಕೋಚ್‌ಗೆ ಎಷ್ಟು ಜನ, ಒಂದು ಸೂಟಿಗೆ ಎಷ್ಟು ಜನ. ಎರಡನೆಯದಕ್ಕೆ ನಕ್ಕರೆ ಬೇರೆ ಶಾಲೆ ನೋಡಿ.